ಗೃಹವಿಜ್ಞಾನದ ಪಾಠದಲ್ಲಿ ಓದುಬರಹ

ಗೃಹವಿಜ್ಞಾನವನ್ನು ಬೋಧಿಸತಕ್ಕವರು ಅಡಿಗೆ, ಹೊಲಿಗೆ, ಶಿಶುಪಾಲನೆ, ಮನೆಯ ಆಯವ್ಯಯ ಇವುಗಳನ್ನು ಕಲಿಸಿದರೆ ಸಾಕು. ಓದುಬರಹವನ್ನು ಕಲಿಸುವುದು ಭಾಷಾ ಪಂಡಿತರ ಹೊಣೆ ಎಂಬ ಭಾವನೆ ನಮ್ಮ ವಿದ್ಯಾಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿ ನಿಂತಿದೆ. ಪಂಡಿತರಾದರೋ ಕಾವ್ಯವನ್ನೂ ವ್ಯಾಕರಣವನ್ನೂ ಕಲಿಸುತ್ತಾರೆ. ಔಷಧದ ಪೊಟ್ಟಣದ ಮೇಲಿರುವ ನಾಲ್ಕು ಸಾಲುಗಳನ್ನು ಹೇಗೆ ಓದಬೇಕೆಂಬುದು ತಮ್ಮ ಪಾಲಿನ ಕೆಲಸವೆಂದು ಅವರು ಎಣಿಸುವುದಿಲ್ಲ. ಹೀಗೆ ಒಬ್ಬರು ಇನ್ನೊಬ್ಬರದೆಂದು ಬಿಟ್ಟ ಕೆಲಸವು ಯಾರ ಪಾಲಿಗೂ ಬಾರದೆ ನಡುವೆ ಉಳಿದುಹೋಗಿದೆ.

ಇದನ್ನು ನಾವು ಊಹೆಯಿಂದ ಹೇಳುತ್ತಿಲ್ಲ. ಕೆಲಕಾಲದ ಹಿಂದೆ ಒಂದು ಬಾಲಿಕಾ ವಿದ್ಯಾಶಾಲೆಯಲ್ಲಿ, ಉಪಾಧ್ಯಾಯ ವೃತ್ತಿಗೆ ಶಿಕ್ಷಣ ಪಡೆಯುತ್ತಿದ್ದ ತರುಣಿಯೊಬ್ಬರು ನಡೆಸಿದ ಅಭ್ಯಾಸ ಪಾಠವನ್ನು ಕುಳಿತು ನೋಡುವ ಸಂದರ್ಭ ನಮಗೆ ಒದಗಿತ್ತು. ಪಾಠದ ವಿಷಯ, ಅತಿಸಾರದಿಂದ ಬಳಲುವ ಮಗುವಿನ ಆರೈಕೆ. ಕಪ್ಪು ಹಲಗೆಯ ಮೇಲೆ ವ್ಯಾಖ್ಯೆ, ಕಾರಣ, ಲಕ್ಷಣ, ಉಪಚಾರ ಎಲ್ಲವೂ ದುಂಡಕ್ಷರಗಳಲ್ಲಿ ಮೂಡಿದವು. ಬಾಲಿಕೆಯರು ತಲೆಯೆತ್ತದೆ ಬರೆದುಕೊಂಡರು. ಕೊನೆಗೆ ಆ ತರುಣಿ ಚೀಲದಿಂದ ಓ.ಆರ್.ಎಸ್. ಪೊಟ್ಟಣವೊಂದನ್ನು ತೆಗೆದು ಎತ್ತಿ ತೋರಿಸಿ ಪಾಠವನ್ನು ಮುಗಿಸಿದರು. ನಾವು ಅವರ ಅನುಮತಿ ಪಡೆದು ಮುಂದಿನ ಸಾಲಿನ ಹುಡುಗಿಯೊಬ್ಬಳ ಕೈಗೆ ಅದನ್ನಿತ್ತು ಓದಲು ಹೇಳಿದೆವು. ಆಕೆ ಎಲ್ಲಿಯೂ ತಡವರಿಸಲಿಲ್ಲ. ಇಂಗ್ಲಿಷಿನ ಸಾಲುಗಳನ್ನು ಸಹ ಸ್ಪಷ್ಟವಾಗಿ ಓದಿದಳು. “ಇದನ್ನು ಹೇಗೆ ಕಲಸುತ್ತೀಯಮ್ಮ?” ಎಂದು ಕೇಳಿದೆವು. “ಒಂದು ಲೋಟ ನೀರಿಗೆ ಹಾಕಿ ಕಲಸುತ್ತೇನೆ” ಎಂದಳು. ಒಂದು ಲೀಟರು ನೀರು ಎಂಬ ಮಾತು ಅರೆ ನಿಮಿಷದ ಹಿಂದೆ ಅವಳ ಬಾಯಿಂದಲೇ ಬಂದಿತ್ತು. ತರಗತಿಯಲ್ಲಿ ಯಾರೊಬ್ಬರೂ ಆಕೆಯನ್ನು ತಿದ್ದಲಿಲ್ಲ. ಪಾಠ ಹೇಳಿದ ತರುಣಿಯ ಮುಖ ಬಾಡಿತು. ನಮಗೂ ಸಂಕಟವಾಯಿತು, ಏಕೆಂದರೆ ತಪ್ಪು ಅವರದಾಗಿರಲಿಲ್ಲ.

ಈ ತಪ್ಪು ಎಷ್ಟು ದೊಡ್ಡದೆಂಬುದನ್ನು ವಾಚಕರು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸಂಸ್ಥೆಗಳು 2002ರಲ್ಲಿ ಗೊತ್ತುಮಾಡಿದ ಸೂತ್ರದಂತೆ, ಒಂದು ಲೀಟರು ನೀರಿಗೆ ಗ್ಲೂಕೋಸು 13.5 ಗ್ರಾಂ, ಅಡಿಗೆಯ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡು 1.5 ಗ್ರಾಂ, ಸೋಡಿಯಂ ಸಿಟ್ರೇಟು 2.9 ಗ್ರಾಂ, ಒಟ್ಟು 20.5 ಗ್ರಾಂ ಪುಡಿ ಸೇರಬೇಕು. ಈ ತೂಕಕ್ಕೆ ಇಷ್ಟೇ ನೀರು ಎಂಬುದರಲ್ಲಿಯೇ ಮದ್ದಿನ ಗುಣವೆಲ್ಲ ಅಡಗಿದೆ. ಅದೇ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದರೆ ಲವಣವು ನಾಲ್ಕೈದು ಪಾಲು ಗಾಢವಾಗಿ, ಮೊದಲೇ ನೀರು ಕಳೆದುಕೊಂಡ ಎಳೆಯ ಮಗುವಿಗೆ ಉಪಕಾರಕ್ಕೆ ಬದಲು ಅಪಾಯವೇ ಆದೀತು. ಹಾಗಾದರೆ ಒಂದು ಪೊಟ್ಟಣಕ್ಕೆ ಒಂದು ಲೀಟರು ಎಂದು ಬಾಯಿಪಾಠ ಮಾಡಿಸಿದರೆ ತೀರಿತಲ್ಲ ಎಂದು ಯಾರಾದರೂ ಹೇಳಬಹುದು. ತೀರುವುದಿಲ್ಲ. 200 ಮಿಲಿಲೀಟರು ನೀರಿಗೆಂದೇ ಮಾಡಿದ ಸಣ್ಣ ಪೊಟ್ಟಣಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಅದನ್ನು ಒಂದು ಲೀಟರಿಗೆ ಹಾಕಿದರೆ ಮದ್ದು ನೀರಾಗುವುದು. ಕೈಗೆ ಬಂದ ಪೊಟ್ಟಣವನ್ನು ಅಂದಂದೇ ಓದಿ, ಓದಿದುದನ್ನು ಅಳತೆಯ ಪಾತ್ರೆಗೆ ತರಬಲ್ಲವಳಿಗೆ ಮಾತ್ರ ಇಲ್ಲಿ ದಾರಿಯುಂಟು.

ಓದು ಇನ್ನೂ ಒಂದು ಮೆಟ್ಟಿಲು ಮೇಲೇರಬೇಕಾದ ಸಂದರ್ಭವನ್ನು ವ್ಯಾಪಾರಿಗಳೇ ಒದಗಿಸಿಕೊಟ್ಟರು. ಸಕ್ಕರೆ ಹೆಚ್ಚಾಗಿದ್ದು ಲವಣಗಳು ಸೂತ್ರದ ಪ್ರಮಾಣದಲ್ಲಿಲ್ಲದ ಸಿಹಿ ಪಾನೀಯಗಳು, ಹೆಸರಿನಲ್ಲಿ ಓ.ಆರ್.ಎಸ್. ಎಂಬ ಮೂರಕ್ಷರಗಳನ್ನು ಸೇರಿಸಿಕೊಂಡು ವರ್ಷಗಟ್ಟಲೆ ಮಾರಾಟವಾದವು. ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು 2022ರಲ್ಲಿಯೂ 2024ರಲ್ಲಿಯೂ ಹೊರಡಿಸಿದ ಆಜ್ಞೆಗಳಲ್ಲಿ, ‘ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಸೂತ್ರವಲ್ಲ’ ಎಂಬ ಸೂಚನೆಯನ್ನು ಮುದ್ರಿಸಬೇಕೆಂಬ ಕಟ್ಟಳೆಯ ಮೇಲೆ ಆ ಹೆಸರಿಗೆ ಎಡೆಗೊಟ್ಟಿತ್ತು. ಔಷಧವೆಂದು ನಂಬಿಸುವ ಹೆಸರು ಒಂದು ಕಡೆ, ಔಷಧವಲ್ಲವೆಂಬ ಒಪ್ಪೋಲೆ ಮತ್ತೊಂದು ಕಡೆ, ಎರಡೂ ಒಂದೇ ಪೊಟ್ಟಣದ ಮೇಲೆ! ವೈದ್ಯರ ಬಹುಕಾಲದ ಹೋರಾಟದ ತರುವಾಯ 2025ರ ಅಕ್ಟೋಬರಿನಲ್ಲಿ ಪ್ರಾಧಿಕಾರವು ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಸಂತೋಷವೇ. ಆದರೆ ಆ ಅವಧಿಯಲ್ಲಿ ಅಂಗಡಿಯ ಮುಂದೆ ನಿಂತ ತಾಯಂದಿರಿಗೆ ಕಾನೂನು ಬಿಟ್ಟುಕೊಟ್ಟಿದ್ದ ರಕ್ಷಣೆ ಯಾವುದು? ಹೆಸರನ್ನು ದಾಟಿ ಸೂಚನೆಯನ್ನೂ ಓದುವ ಅಭ್ಯಾಸವೊಂದೇ. ಆ ಅಭ್ಯಾಸವನ್ನು ನಾವು ಯಾವ ತರಗತಿಯಲ್ಲಿ ಕಲಿಸಿದ್ದೆವು?

1951ರ ಜನಗಣತಿಯಲ್ಲಿ ಭಾರತದ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 9 ಮಂದಿ. 2011ರ ಗಣತಿಯಲ್ಲಿ ಆ ಸಂಖ್ಯೆ ಸುಮಾರು 65ಕ್ಕೂ, ಕರ್ನಾಟಕದಲ್ಲಿ ಸುಮಾರು 68ಕ್ಕೂ ಏರಿತ್ತು. ಇದು ದೇಶವು ಹೆಮ್ಮೆಪಡಬೇಕಾದ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಣತಿಯವರ ವ್ಯಾಖ್ಯೆಯಲ್ಲಿಯೇ ಒಂದು ಮಾತಿದೆ: ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರು ಯಾವುದಾದರೊಂದು ಭಾಷೆಯಲ್ಲಿ ಅರ್ಥ ತಿಳಿದು ಓದಲು ಬರೆಯಲು ಬಲ್ಲವರಾದರೆ ಸಾಕ್ಷರರು. ಅರ್ಥ ತಿಳಿದು ಎಂಬ ಆ ಎರಡು ಪದಗಳನ್ನು ಮನೆಬಾಗಿಲಲ್ಲಿ ನಿಂತ ಗಣತಿದಾರನು ಪರೀಕ್ಷಿಸಲಾರನು. ನಾವು ಕಂಡ ಹುಡುಗಿ ಸಾಕ್ಷರರ ಲೆಕ್ಕಕ್ಕೆ ಸೇರಿದವಳೇ.

ಪ್ರತಿಯೊಂದು ವಿಷಯದ ಉಪಾಧ್ಯಾಯರೂ ತಮ್ಮ ವಿಷಯದ ಓದನ್ನು ತಾವೇ ಕಲಿಸಬೇಕೆಂಬ ವಿಚಾರ ಹೊಸದಲ್ಲ. ಅಮೆರಿಕದಲ್ಲಿ ಹೆರಾಲ್ಡ್ ಹರ್ಬರ್ ಎಂಬ ವಿದ್ವಾಂಸರು 1970ರಲ್ಲಿ ಇದನ್ನೇ ವಿಷಯವಾಗಿಟ್ಟುಕೊಂಡು ಗ್ರಂಥ ಬರೆದರು. ಇಂಗ್ಲೆಂಡಿನಲ್ಲಿ 1975ರಲ್ಲಿ ಪ್ರಕಟವಾದ ಬುಲಕ್ ಸಮಿತಿಯ ವರದಿಯು, ಭಾಷೆಯು ಪಠ್ಯಕ್ರಮದಲ್ಲೆಲ್ಲ ಹರಡಿರಬೇಕೆಂದು ಸಾರಿತು. ನಮ್ಮ ದೇಶದ ಅಧ್ಯಾಪಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತು 2014ರ ನಿಯಮಗಳಿಂದ ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ವಿಸ್ತರಿಸಿದಾಗ, ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬುದನ್ನೇ ಒಂದು ಪಾಠವಿಷಯವನ್ನಾಗಿ ಸೇರಿಸಿತು. ಹಾಗಾದರೆ ಕೊರತೆ ಎಲ್ಲಿ? ನಾವು ಮಾತನಾಡಿಸಿದ ಆ ತರುಣಿಯೂ ಅದನ್ನು ಓದಿದ್ದರು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೂ ಪಡೆದಿದ್ದರು. ಆದರೆ ಆ ಪುಸ್ತಕದಲ್ಲಿದ್ದ ಉದಾಹರಣೆಗಳು ಇತಿಹಾಸಕ್ಕೂ ವಿಜ್ಞಾನಕ್ಕೂ ಸೇರಿದವುಗಳಂತೆ. ಅಡಿಗೆಯ ಮನೆಗೂ ಅದಕ್ಕೂ ಸಂಬಂಧವುಂಟೆಂದು ತಮಗೆ ಯಾರೂ ಹೇಳಲಿಲ್ಲವೆಂದರು. ಅಡಿಗೆಯೆಂದರೆ ಕೈಕೆಲಸ, ಓದೆಂದರೆ ತಲೆಕೆಲಸ ಎಂಬ ಹಳೆಯ ಜಾತಿಭೇದವು ಇಲ್ಲಿಯೂ ತಲೆಹಾಕಿದೆ.

ಈ ಭೇದಕ್ಕೆ ಆಧಾರವೇ ಇಲ್ಲ. ಗೃಹವಿಜ್ಞಾನವೆಂಬ ಶಾಸ್ತ್ರವನ್ನು ಅಮೆರಿಕದಲ್ಲಿ ರೂಪಿಸಿದವರಲ್ಲಿ ಅಗ್ರಗಣ್ಯರಾದ ಎಲೆನ್ ರಿಚರ್ಡ್ಸ್ (1842–1911) ರಸಾಯನಶಾಸ್ತ್ರಜ್ಞೆ; ಮಸಾಚುಸೆಟ್ಸಿನ ತಾಂತ್ರಿಕ ವಿದ್ಯಾಸಂಸ್ಥೆಯಿಂದ 1873ರಲ್ಲಿ ಪದವಿ ಪಡೆದ ಮೊತ್ತಮೊದಲ ಮಹಿಳೆ. 1893ರ ಷಿಕಾಗೊ ಜಾಗತಿಕ ಪ್ರದರ್ಶನದಲ್ಲಿ ಆಕೆ ‘ರಂಫರ್ಡ್ ಪಾಕಶಾಲೆ’ಯನ್ನು ನಡೆಸಿದಾಗ, ಉಣ್ಣಲು ಬಂದವರಿಗೆ ಊಟದೊಡನೆ ಆ ಊಟದ ಪೋಷಕಾಂಶಗಳ ಲೆಕ್ಕವನ್ನೂ ಅಚ್ಚುಹಾಕಿಸಿ ಕೊಡುತ್ತಿದ್ದರು. ಉಣ್ಣುವವನು ಓದಿ ಉಣ್ಣಬೇಕೆಂಬುದು ಆಕೆಯ ಉದ್ದೇಶ. ನಮ್ಮಲ್ಲಿಯಾದರೋ ಕನ್ನಡದ ಪ್ರಾಚೀನ ಗ್ರಂಥಕರ್ತರು ಪಾಕವನ್ನು ಬರಹಕ್ಕೆ ತಕ್ಕುದಲ್ಲವೆಂದು ಎಣಿಸಲೇ ಇಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷವೈದ್ಯ, ಜಲಶೋಧನೆಗಳ ಸಾಲಿನಲ್ಲಿಯೇ ಸೂಪಶಾಸ್ತ್ರವೂ ಸೇರಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ಅಡಿಗೆಗೆಂದೇ ಷಟ್ಪದಿಯಲ್ಲಿ ಒಂದು ಗ್ರಂಥವನ್ನು ಬರೆದನು. ರಾಜವಂಶದ ಜೈನ ಕವಿಗೆ ಒಗ್ಗದ ನಾಚಿಕೆ ನಮ್ಮ ಶಿಕ್ಷಣ ಶಾಸ್ತ್ರಜ್ಞರಿಗೆ ಏಕೆ ಬಂದಿತೋ ತಿಳಿಯದು.

ಉಪಾಧ್ಯಾಯಿನಿಯಾಗಲಿರುವ ತರುಣಿ ಮಾಡತಕ್ಕುದೇನು ಎಂಬುದಕ್ಕೆ ಈಗ ಬರೋಣ. ಕನ್ನಡದಲ್ಲಿ ಬೇಯಿಸುವುದಕ್ಕೆ ಎಷ್ಟು ಮಾತುಗಳಿವೆ! ಕುದಿಸುವುದು, ಬೇಯಿಸುವುದು, ಹಬೆಯಲ್ಲಿಡುವುದು, ಹುರಿಯುವುದು, ಬಾಡಿಸುವುದು, ಕರಿಯುವುದು, ಸುಡುವುದು, ಕಾಯಿಸುವುದು, ಬತ್ತಿಸುವುದು. ಹತ್ತು ವರ್ಷದ ಹುಡುಗಿಗೆ ಇವುಗಳ ನಡುವಣ ಅಂತರ ಕಣ್ಣಿಗೆ ಕಟ್ಟಿದಂತೆ ಗೊತ್ತು. ಆದರೆ ಶಾಲೆಗೆ ಬಂದೊಡನೆ ಆಕೆಯ ಮುಂದೆ ‘ಆರ್ದ್ರ ಉಷ್ಣ ವಿಧಾನ’, ‘ಶುಷ್ಕ ಉಷ್ಣ ವಿಧಾನ’ ಎಂಬ ಎರಡು ಕಲ್ಲುಗಳನ್ನು ಇಟ್ಟುಬಿಡುತ್ತೇವೆ. ಅವು ತಾನು ದಿನವೂ ಕಾಣುವ ಒಲೆಯ ಮಾತೆಂದು ಆಕೆಗೆ ಹೊಳೆಯುವುದೇ ಇಲ್ಲ, ಉರುಹಚ್ಚಿ ಒಪ್ಪಿಸುತ್ತಾಳೆ. ಇದರ ಬದಲು ಉಪಾಧ್ಯಾಯಿನಿ ಮೊದಲು ಮಕ್ಕಳ ಬಾಯಿಂದಲೇ ಆ ಒಂಬತ್ತು ಮಾತುಗಳನ್ನು ಹಲಗೆಯ ಮೇಲೆ ಬರೆಯಿಸಲಿ. ಬಳಿಕ, ಇವುಗಳಲ್ಲಿ ನೀರಿನಿಂದಲೋ ಹಬೆಯಿಂದಲೋ ಬೇಯುವುವು ಯಾವುವು, ಹಾಗಲ್ಲದವು ಯಾವುವು ಎಂದು ಎರಡು ಸಾಲು ಮಾಡಿಸಲಿ. ಕರಿಯುವುದನ್ನು ಎಲ್ಲಿ ಸೇರಿಸಬೇಕೆಂಬ ವಾದ ಖಂಡಿತವಾಗಿಯೂ ಏಳುವುದು. ಎಣ್ಣೆ ದ್ರವವಲ್ಲವೆ ಎಂದು ಒಬ್ಬಳು ಹೇಳುವಳು. ಎಣ್ಣೆಯಲ್ಲಿ ನೀರಿಲ್ಲ, ಬಾಣಲೆಯಿಂದ ಸೊರ್ರೆಂದು ಹೊರಡುವ ನೀರೆಲ್ಲ ಪದಾರ್ಥದ್ದೇ ಎಂದು ಇನ್ನೊಬ್ಬಳು ಹೇಳುವಳು. ವಾದವಾದ ಮೇಲೆ ಪುಸ್ತಕವನ್ನು ತೆರೆಯಲಿ. ಆಗ ಪುಸ್ತಕದ ಕಠಿಣ ಪದವು ತಮಗೆ ಗೊತ್ತಿದ್ದ ಸಂಗತಿಗೆ ಇಟ್ಟ ಹೆಸರಾಗಿ ಮಾತ್ರ ತೋರುವುದು.

ಬರವಣಿಗೆಯ ವಿಷಯದಲ್ಲಿ ನಮಗೆ ಬಹಳ ಮೆಚ್ಚುಗೆಯಾದ ಕ್ರಮವೊಂದುಂಟು. ಪ್ರತಿಯೊಬ್ಬ ಬಾಲಿಕೆಯೂ ಮನೆಯ ಹಿರಿಯರನ್ನು ಕೇಳಿ ಒಂದು ಅಡಿಗೆಯನ್ನು ಬರೆದು ತರುವುದು. ತರಗತಿಯಲ್ಲಿ ಆ ಬರಹವನ್ನು ಇನ್ನೊಬ್ಬಳಿಗೆ ಕೊಟ್ಟು, ಬರೆದವಳು ಬಾಯಿ ತೆರೆಯದೆ ಪಕ್ಕಕ್ಕೆ ನಿಲ್ಲುವುದು. ಬರಹವೊಂದನ್ನೇ ಆಧರಿಸಿ ಎರಡನೆಯವಳು ಅಡಿಗೆ ಮಾಡುವುದು. ನಮ್ಮ ಅಜ್ಜಿಯರು ‘ಕೈಯಳತೆಗೆ ಉಪ್ಪು’, ‘ಹದ ಬರುವವರೆಗೆ ತಿರುವು’, ‘ಒಂದೆಳೆ ಪಾಕ’ ಎನ್ನುವರಷ್ಟೆ. ಯಾರ ಕೈಯಳತೆ? ಹದವನ್ನು ಕಣ್ಣಿನಿಂದ ತಿಳಿಯುವುದೋ, ವಾಸನೆಯಿಂದಲೋ, ಸೌಟಿಗೆ ಅಂಟುವುದರಿಂದಲೋ? ಬೆಲ್ಲದ ಪಾಕವನ್ನು ಎರಡು ಬೆರಳುಗಳ ನಡುವೆ ಹಿಡಿದು ಬಿಡಿಸಿದಾಗ ಎಳೆ ನಿಲ್ಲಬೇಕೆಂಬುದನ್ನು ಬರೆಯದೆ ಹೋದರೆ ಎರಡನೆಯವಳ ಉಂಡೆ ಕಲ್ಲಾಗುವುದು, ಇಲ್ಲವೆ ಕಟ್ಟುವುದೇ ಇಲ್ಲ. ಬರಹದ ದೋಷವನ್ನು ಪಂಡಿತರ ಕೆಂಪು ಶಾಯಿಗಿಂತ ಈ ಉಂಡೆ ಚೆನ್ನಾಗಿ ತೋರಿಸಿಕೊಡುತ್ತದೆ. ಮನೆಯಲ್ಲಿ ಹೇಳಿದ ಹಿರಿಯಳು ಅಕ್ಷರ ಬಾರದವಳಾದರೂ ಆಕೆಯ ವಿದ್ಯೆ ಕಾಗದಕ್ಕೆ ಇಳಿಯುವುದು. ಬರೆದುದನ್ನು ಮೊಮ್ಮಗಳು ಓದಿ ಹೇಳಿದಾಗ ಆಕೆಯೇ ತಿದ್ದುವಳು. ವಯಸ್ಕರ ಶಿಕ್ಷಣವೆಂದು ಬೇರೆ ಹೆಸರು ಇಡದೆಯೇ ಆ ಕೆಲಸವೂ ಅಷ್ಟಿಷ್ಟು ನಡೆದೀತು.

ಓದಿಗೆ ಗ್ರಂಥಾಲಯವನ್ನು ಕಟ್ಟಿಸಬೇಕಾಗಿಲ್ಲ. ಮನೆಯಲ್ಲಿ ಬಿಸಾಡುವ ಪೊಟ್ಟಣಗಳು, ವಿದ್ಯುತ್ತಿನ ಬಿಲ್ಲು, ಪಡಿತರದ ಚೀಟಿ, ಬಟ್ಟೆಯ ಒಳಮಡಿಕೆಯಲ್ಲಿ ಹೊಲಿದಿರುವ ಒಗೆತದ ಗುರುತುಗಳು, ಶಿಶುವಿನ ಚುಚ್ಚುಮದ್ದಿನ ಕಾರ್ಡು ಇವೇ ಸಾಕು. ಪೊಟ್ಟಣದಲ್ಲಿ ಘಟಕಗಳ ಪಟ್ಟಿಯನ್ನು ಪ್ರಮಾಣದಲ್ಲಿ ಹೆಚ್ಚಿನದು ಮೊದಲು, ಕಡಿಮೆಯದು ಕಡೆಗೆ ಬರುವಂತೆ ಮುದ್ರಿಸಬೇಕೆಂಬುದು ನಿಯಮ. ಈ ಒಂದು ಸಂಗತಿ ಗೊತ್ತಾದರೆ, ಹೊರಗೆ ರಾಗಿಯ ತೆನೆಯ ಚಿತ್ರವಿರುವ ಬಿಸ್ಕತ್ತಿನ ಪಟ್ಟಿಯಲ್ಲಿ ಮೈದಾ ಮೊದಲು, ಸಕ್ಕರೆ ಎರಡನೆಯದು, ರಾಗಿ ಎಲ್ಲಿಯೋ ಬಾಲದಲ್ಲಿ ಇದ್ದರೆ ಹುಡುಗಿ ತಾನೇ ನಗುತ್ತಾಳೆ. ಈ ನಗೆಯನ್ನು ಕಲಿಸುವುದೂ ಶಿಕ್ಷಣವೇ.

ಅಕ್ಷರ ಬಾರದವರಿಗೆ ಬಣ್ಣದ ಗುರುತು ಸಾಕೆಂಬ ವಾದವನ್ನು ಅಧಿಕಾರಿಗಳ ಬಾಯಲ್ಲಿ ನಾವು ಕೇಳಿದ್ದೇವೆ. ಅವರು ಒಂದು ವಿಷಯವನ್ನು ಯೋಚಿಸಲಿ. ಆಹಾರದ ಪೊಟ್ಟಣದ ಮೇಲೆ ಹಸಿರು ಬೊಟ್ಟಿದ್ದರೆ ಅದು ಸಸ್ಯಾಹಾರ. ನಿಶ್ಚಿಂತೆಯಿಂದ ತಿನ್ನಬಹುದೆಂದು ಮಕ್ಕಳೆಲ್ಲರೂ ತಿಳಿದಿದ್ದಾರೆ. ಕೀಟನಾಶಕದ ಡಬ್ಬಿಯ ಮೇಲೆ ಓರೆಯಾಗಿ ನಿಲ್ಲಿಸಿದ ಚೌಕವೊಂದಿರುತ್ತದೆ. ಅದರ ಕೆಳಗಿನ ಅರ್ಧಕ್ಕೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳನ್ನು ಹಾಕುತ್ತಾರೆ. ಅಲ್ಲಿಯ ಹಸಿರು ಎಂದರೆ ಉಳಿದ ವಿಷಗಳಿಗಿಂತ ಕಡಿಮೆ ವಿಷ, ವಿಷವಲ್ಲವೆಂದಲ್ಲ. ಎರಡೂ ಹಸಿರುಗಳು ಒಂದೇ ಮನೆಯ ಒಂದೇ ಹಲಗೆಯ ಮೇಲೆ ಕುಳಿತಿರಬಹುದು. ಬಣ್ಣವನ್ನು ಮಾತ್ರ ಬಲ್ಲ ಮಗುವಿಗೆ ಇವೆರಡರ ವ್ಯತ್ಯಾಸವನ್ನು ಯಾರು ಹೇಳಬೇಕು? ಬಣ್ಣದ ಜೊತೆಯಲ್ಲಿರುವ ಪದವೇ ಹೇಳಬೇಕು.

ಆ ಪದ ಯಾವ ಭಾಷೆಯಲ್ಲಿರಬೇಕೆಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. 1971ರ ಕೀಟನಾಶಕ ನಿಯಮಗಳು ಹಿಂದಿ ಮತ್ತು ಇಂಗ್ಲಿಷಿನ ಜೊತೆಗೆ, ಸರಕು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿಯೂ ಚೀಟಿ ಇರಬೇಕೆಂದು ವಿಧಿಸಿದವು. ಆದರೆ ಆಹಾರದ ಚೀಟಿಯ ಬಗೆಗೆ 2020ರಲ್ಲಿ ಹೊರಟ ನಿಬಂಧನೆಗಳು ಇಂಗ್ಲಿಷು ಅಥವಾ ದೇವನಾಗರಿಯ ಹಿಂದಿ ಇದ್ದರೆ ಸಾಕೆಂದು, ಉಳಿದ ಭಾಷೆಗಳನ್ನು ಬೇಕಾದರೆ ಸೇರಿಸಿಕೊಳ್ಳಬಹುದೆಂದು ಹೇಳಿದವು. ವಿಷಕ್ಕೆ ಕನ್ನಡ ಕಡ್ಡಾಯ, ಅನ್ನಕ್ಕೆ ಐಚ್ಛಿಕ! ಕನ್ನಡಿಗನಿಗೆ ಸಾಯದಂತೆ ಎಚ್ಚರಿಸುವುದು ಅವಶ್ಯಕ, ಏನನ್ನು ತಿನ್ನುತ್ತಿದ್ದೇನೆಂದು ತಿಳಿಸುವುದು ಅನಾವಶ್ಯಕ ಎಂಬಂತಿದೆ ಈ ನ್ಯಾಯ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರೂ ಬಳಕೆಯ ವಿವರಗಳೂ ಕನ್ನಡದಲ್ಲಿಯೂ ಇರಬೇಕೆಂದು ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿದುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ನಮ್ಮ ಅಂಗಡಿಗಳಿಗೆ ಬರುವ ಸರಕೆಲ್ಲ ರಾಜ್ಯದಲ್ಲಿಯೇ ತಯಾರಾಗುವುದಿಲ್ಲ. ಕೇಂದ್ರದ ನಿಬಂಧನೆ ಬದಲಾಗುವವರೆಗೆ ಗೃಹವಿಜ್ಞಾನದ ತರಗತಿಯೇ ಭಾಷಾಂತರದ ಕಾರ್ಯಾಲಯವಾಗಲಿ. ವಾರಕ್ಕೊಂದು ಪೊಟ್ಟಣವನ್ನು ಮಕ್ಕಳು ಕನ್ನಡಕ್ಕೆ ತಂದು, ಊರಿನವರು ನೋಡುವಂತೆ ಶಾಲೆಯ ಗೋಡೆಗೆ ಅಂಟಿಸಲಿ. ಸರಕು ಮಾಡುವವರಿಗೆ ಅದನ್ನು ಅಂಚೆಯಲ್ಲಿ ಕಳುಹಿಸಿಕೊಟ್ಟರೆ ಇನ್ನೂ ಒಳ್ಳೆಯದು. ಕಾಗದ ಬರೆಯುವ ಪಾಠವೂ ಆಗುತ್ತದೆ.

ಮುಖ್ಯೋಪಾಧ್ಯಾಯರು ಎತ್ತುವ ಆಕ್ಷೇಪಣೆ ನಮಗೆ ಗೊತ್ತಿದೆ: ಇರುವ ನಲವತ್ತು ನಿಮಿಷದಲ್ಲಿ ಇದಕ್ಕೆಲ್ಲ ಅವಕಾಶವೆಲ್ಲಿ? ವ್ಯಾಖ್ಯೆಗಳನ್ನು ಹೇಳಿ ಬರೆಯಿಸುವ ಇಪ್ಪತ್ತು ನಿಮಿಷಗಳು ಅಲ್ಲಿಯೇ ಇವೆ. ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಮತ್ತೆ ನಕಲು ಮಾಡಿಸುವುದರಿಂದ ಕೈಗೆ ಶ್ರಮವಲ್ಲದೆ ಬೇರೆ ಲಾಭವನ್ನು ನಾವು ಕಾಣೆವು. ಇದು ಹೆಣ್ಣುಮಕ್ಕಳ ವಿಷಯವಷ್ಟೆ, ಇಷ್ಟು ಗಂಭೀರವಾಗಿ ಬರೆಯಬೇಕೆ ಎನ್ನುವ ಮಹನೀಯರೂ ಇರಬಹುದು. ಹಂಸಾ ಮೆಹತಾ ಅವರ ಅಧ್ಯಕ್ಷತೆಯ ಸಮಿತಿಯು, ಹುಡುಗರಿಗೆ ಒಂದು ಹುಡುಗಿಯರಿಗೆ ಒಂದು ಎಂದು ಪಠ್ಯಕ್ರಮವನ್ನು ಸೀಳಬಾರದೆಂದು 1960ರ ದಶಕದ ಆರಂಭದಲ್ಲಿಯೇ ಅಭಿಪ್ರಾಯಪಟ್ಟಿತ್ತು. ಅತಿಸಾರದ ಮಗುವನ್ನು ಎತ್ತಿಕೊಂಡು ಔಷಧದ ಅಂಗಡಿಗೆ ಓಡುವವನು ಅನೇಕ ವೇಳೆ ತಂದೆಯೇ. ಪೊಟ್ಟಣವನ್ನು ಓದಬೇಕಾದವನೂ ಅವನೇ.

ಆ ದಿನ ಪಾಠ ಮುಗಿದ ಮೇಲೆ ನಡೆದುದನ್ನು ಹೇಳಿಬಿಡುತ್ತೇವೆ. ತರುಣಿ ಮರುದಿನ ಅದೇ ತರಗತಿಗೆ ಇನ್ನೊಂದು ಪಾಠವನ್ನು ಕೇಳಿ ಪಡೆದರು. ಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ. ನಾಲ್ಕು ಗುಂಪುಗಳಿಗೆ ನಾಲ್ಕು ಪೊಟ್ಟಣಗಳು, ಅವುಗಳಲ್ಲಿ ಎರಡು ದೊಡ್ಡವು, ಎರಡು ಸಣ್ಣವು. ಮೇಜಿನ ಮೇಲೆ ಲೋಟ, ಚೊಂಬು, ಲೀಟರಿನ ಬಾಟಲಿ. ಓದಿ, ತಕ್ಕ ಪಾತ್ರೆಯನ್ನು ಆರಿಸಿ, ಆರಿಸಿದ ಕಾರಣವನ್ನು ಪೊಟ್ಟಣದ ಯಾವ ಪದದಲ್ಲಿ ಕಂಡಿರೆಂದು ಬೆರಳಿಟ್ಟು ತೋರಿಸಿ ಎಂದರು. ಮೊದಲು ಗದ್ದಲವಾಯಿತು, ಆಮೇಲೆ ನಿಶ್ಶಬ್ದವಾಯಿತು. ಹಿಂದಿನ ದಿನ ಲೋಟವೆಂದಿದ್ದ ಹುಡುಗಿ ಬಾಟಲಿಯನ್ನು ಮುಟ್ಟಿ, ಕೈ ತೆಗೆದು, ಪೊಟ್ಟಣವನ್ನು ಮತ್ತೊಮ್ಮೆ ಓದಿ, ಮತ್ತೆ ಬಾಟಲಿಯನ್ನೇ ಹಿಡಿದಳು. ಪಾಠವನ್ನು ಪರೀಕ್ಷಿಸಲು ಬಂದಿದ್ದ ಅಧ್ಯಾಪಕರ ಕೈಯಲ್ಲಿ ಅಚ್ಚಾದ ಕಾಗದವೊಂದಿತ್ತು. ಕಂಠಸ್ವರಕ್ಕೆ ಇಷ್ಟು ಅಂಕ, ಹಲಗೆಯ ಬರವಣಿಗೆಗೆ ಇಷ್ಟು, ಪಾಠೋಪಕರಣಕ್ಕೆ ಇಷ್ಟು ಎಂದು ಮನೆಗಳಿದ್ದವು. ಹಲಗೆಯ ಬರವಣಿಗೆಯ ಮನೆಯಲ್ಲಿ ಅವರು ಸೊನ್ನೆಯನ್ನು ಹಾಕಬೇಕಾಯಿತು. ಮಕ್ಕಳು ಈ ದಿನ ಏನನ್ನು ಓದಿದರು ಎಂಬುದಕ್ಕೆ ಆ ಕಾಗದದಲ್ಲಿ ಮನೆಯೇ ಇರಲಿಲ್ಲ. ಅಧ್ಯಾಪಕರು ಒಂದು ಕ್ಷಣ ಯೋಚಿಸಿ, ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅಲ್ಲಿ ಏನನ್ನೋ ಬರೆದುಕೊಂಡರು.